ಬಾಕ್ಸ್‌ಟರ್ ನೋಡಿ ಬಿಟ್ಟು ಬಂದದ್ದು

ಮಾರಾಟಕ್ಕಿದ್ದ ಕಾರಿನ ಫೋಟೊ ನೋಡಿದ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ. 2001ರ ಪೋರ್ಷೆ ಬಾಕ್ಸ್‌ಟರ್, ಛಾವಣಿ ಮಡಚಿಡಬಹುದಾದ ಎರಡು ಸೀಟಿನ ಸ್ಪೋರ್ಟ್ಸ್ ಕಾರು, ಕಪ್ಪು ಬಣ್ಣ, ಮ್ಯಾನ್ಯುಯಲ್ ಗೇರ್. ಇಂಥ ಹೊತ್ತಲ್ಲಿ ಒಬ್ಬನೇ ಕಾರು ನೋಡಲು ಹೋದರೆ ಕೈಯಲ್ಲಿ ಕೀ ಹಿಡಿದೇ ಮನೆಗೆ ಬರೋದು. ಅದಕ್ಕೇ ಕಾರಿನ ಹುಚ್ಚು ಒಂಚೂರೂ ಇಲ್ಲದ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋದೆ.

ಹೋದವನೇ ಸೈಲೆನ್ಸರ್ ಹತ್ತಿರ ಕೈ ಹಿಡಿದೆ. ಬಿಸಿ! "ನಿಮ್ಮನ್ನ ಕಾಯಿಸೋದು ಬೇಡ ಅಂತ ಸ್ಟಾರ್ಟ್ ಮಾಡಿಟ್ಟಿದ್ದೆ ಸರ್" ಎಂದರು ಮಾಲೀಕರು. ಇರಬಹುದು. ಆದರೆ ಇಂಜಿನ್‌ನ ಕೆಲವು ಸದ್ದು, ಹೊಗೆ ಗೊತ್ತಾಗುವುದು ಅದು ಪೂರ್ತಿ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿದರೆ ಮಾತ್ರ. ನಾಳೆ ಬೆಳಿಗ್ಗೆ ಬರುತ್ತೇವೆ, ಅಲ್ಲಿವರೆಗೆ ಸ್ಟಾರ್ಟ್ ಮಾಡಬೇಡಿ ಅಂತ ಹೇಳಿ ವಾಪಸ್ ಬಂದೆವು.

ಮರುದಿನ ಸ್ಟಾರ್ಟ್ ಮಾಡಿದಾಗ ಒಂದು ಪಫ್ ನೀಲಿ ಹೊಗೆ ಬಂತು, ನಿಂತಿತು. ತಂಗಿ ಗಾಬರಿಯಾದಳು. ನಾನು ಆಗಲಿಲ್ಲ. ಈ ಇಂಜಿನ್‌ನಲ್ಲಿ ಸಿಲಿಂಡರ್‌ಗಳು ಅಡ್ಡ ಮಲಗಿರುತ್ತವೆ, ನಿಂತ ಕಾರಿನಲ್ಲಿ ಸ್ವಲ್ಪ ಆಯಿಲ್ ಒಳಗೆ ಜಿನುಗಿ, ಸ್ಟಾರ್ಟ್ ಮಾಡಿದಾಗ ಸುಡುತ್ತದೆ. ಹೊಗೆ ಬಿಡದೆ ಬರುತ್ತಿದ್ದರೆ ಅಲ್ಲಿಂದಲೇ ಹೊರಡುತ್ತಿದ್ದೆ. ಇಂಜಿನ್ ಸೀಟುಗಳ ಹಿಂದೆ, ಕಾರಿನ ನಡುವೆ ಅಡಗಿದೆ, ಕಣ್ಣಿಗೆ ಕಾಣಿಸುವುದಿಲ್ಲ ಅನ್ನೋದು ಇನ್ನೊಂದು ತಮಾಷೆ. ಮುಂದೆ ತೆರೆದರೂ ಡಿಕ್ಕಿ, ಹಿಂದೆ ತೆರೆದರೂ ಡಿಕ್ಕಿ!

ಟೈರ್ ನೋಡಿದೆ. ಪಕ್ಕದಲ್ಲಿ ಅಚ್ಚೊತ್ತಿರುವ ಡಾಟ್ (DOT) ಕೋಡಿನ, ಅಂದರೆ ತಯಾರಿಕೆಯ ಗುರುತಿನ, ಕೊನೆಗೆ 3214 ಅಂತಿತ್ತು. ಅಂದರೆ 2014ರ 32ನೇ ವಾರ ತಯಾರಾದದ್ದು. ಗ್ರೂವ್ ಚೆನ್ನಾಗಿತ್ತು, ರಬ್ಬರ್ ಮಾತ್ರ ಕಲ್ಲಾಗಿತ್ತು. ಬೆಲೆ ಚೌಕಾಸಿಗೆ ಒಂದು ಕಾರಣ ಸಿಕ್ಕಿತು, ಅಷ್ಟೇ. ಚಾಲಕನ ಸೀಟಿನಡಿ ಕಾರ್ಪೆಟ್ ಮುಟ್ಟಿದೆ, ಒಣಗಿತ್ತು. ಮೇಲ್ಛಾವಣಿಯ ನೀರು ಹೋಗುವ ದಾರಿ ಕಟ್ಟಿಕೊಂಡರೆ ನೀರು ಅಲ್ಲಿಗೇ ಇಳಿಯುತ್ತದೆ, ಅಲ್ಲೇ ಒಂದು ಎಲೆಕ್ಟ್ರಾನಿಕ್ ಕಂಟ್ರೋಲ್ ಯುನಿಟ್ ಇದೆ, ನೆನೆದರೆ ಕೆಡುತ್ತದೆ.

ಓಡಿಸುವಾಗ ಟಾಪ್ ಗೇರ್ ಹಾಕಿ, ಕಡಿಮೆ ವೇಗದಲ್ಲಿ ಆಕ್ಸಿಲರೇಟರ್ ಒತ್ತಿದೆ. ಕ್ಲಚ್ ಸವೆದಿದ್ದರೆ ಕಾರಿನ ವೇಗ ಏರದೆ ಆರ್‌ಪಿಎಂ, ಅಂದರೆ ಇಂಜಿನ್ ತಿರುಗುವ ವೇಗ, ಮಾತ್ರ ಏರುತ್ತದೆ. ಏರಲಿಲ್ಲ. "ಕ್ಲಚ್ ಹೋದ ವರ್ಷವಷ್ಟೇ ಹಾಕಿಸಿದ್ದು" ಅಂತ ಮಾಲೀಕರೇ ಖುಷಿಯಿಂದ ಬಿಲ್ ತಂದರು.

ಆ ಬಿಲ್ ನೋಡಿಯೇ ನನ್ನ ಉತ್ಸಾಹ ಇಳಿಯಿತು.

ಈ ಇಂಜಿನ್‌ನಲ್ಲಿ ಐಎಂಎಸ್ ಬೇರಿಂಗ್ ಅಂತ ಒಂದಿದೆ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ನಿಂದ ವಾಲ್ವ್ ತೆರೆಯುವ ಕ್ಯಾಮ್‌ಶಾಫ್ಟ್‌ಗಳಿಗೆ ತಿರುಗುವಿಕೆ ದಾಟಿಸುವ ನಡುವಿನ ಶಾಫ್ಟಿಗೆ (ಇಂಟರ್‌ಮೀಡಿಯೆಟ್ ಶಾಫ್ಟ್, ಅದೇ ಐಎಂಎಸ್) ಇದೇ ಆಧಾರ. ಮುರಿದರೆ ಟೈಮಿಂಗ್, ಅಂದರೆ ವಾಲ್ವ್ ತೆರೆದು ಮುಚ್ಚುವ ಹೊತ್ತು, ತಪ್ಪಿ, ವಾಲ್ವ್‌ಗೆ ಪಿಸ್ಟನ್ ಬಡಿದು ಇಂಜಿನ್ ಮುಗಿಯಿತು. ಎಲ್ಲ ಕಾರಿನಲ್ಲೂ ಮುರಿಯುವುದಿಲ್ಲ. ಆದರೆ ಅದನ್ನು ತಲುಪಲು ಗೇರ್‌ಬಾಕ್ಸ್ ಇಳಿಸಬೇಕು. ಕ್ಲಚ್‌ಗೂ ಅದನ್ನೇ ಇಳಿಸಬೇಕು. ಹಾಗಾಗಿ ತಿಳಿದವರು ಎರಡನ್ನೂ ಒಟ್ಟಿಗೇ ಮಾಡಿಸಿಬಿಡುತ್ತಾರೆ. ಇವರ ಬಿಲ್‌ನಲ್ಲಿ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ಕೂಲಿ. ಬೇರಿಂಗ್ ಇಲ್ಲ. ಗೇರ್‌ಬಾಕ್ಸ್ ಕೆಳಗಿದ್ದಾಗಲೂ ಅಲ್ಲಿ ದುಡ್ಡು ಉಳಿಸಿದವರು ನನ್ನ ಕಣ್ಣಿಗೆ ಕಾಣದ ಕಡೆ ಇನ್ನೆಷ್ಟು ಉಳಿಸಿರಬಹುದು?

ಬೇರಿಂಗ್ ಹಾಕಿಸಿ, ಆಯಿಲ್ ಫಿಲ್ಟರ್ ಕತ್ತರಿಸಿ ಒಳಗೆ ಸವೆತದ ಲೋಹದ ಚೂರಿಲ್ಲ ಅಂತ ತೋರಿಸಿದರೆ ನೀವು ಕೇಳಿದ ಬೆಲೆಗೇ ಕೊಳ್ಳುತ್ತೇನೆ ಎಂದೆ. "ಇಷ್ಟು ವರ್ಷ ಏನೂ ಆಗಿಲ್ಲ ಅಲ್ವಾ ಸರ್?" ಎಂದರು. ಅದೂ ನಿಜವೇ. ಆದರೆ ಹಳೆಯ ಪೋರ್ಷೆಯ ಬೆಲೆ ಇಳಿದ ಹಾಗೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ. ಇಂಜಿನ್ ಹೋದರೆ ಇನ್ನೊಂದು ಕಾರಿನಷ್ಟು ದುಡ್ಡು ನನ್ನ ಹತ್ತಿರ ಇರಲಿಲ್ಲ.

ದಾರಿಯಲ್ಲಿ ತಂಗಿ ಕೇಳಿದಳು, "ಚೆನ್ನಾಗೇ ಓಡ್ತಿತ್ತಲ್ಲ?" ಹೌದು, ತುಂಬಾ ಚೆನ್ನಾಗಿ ಓಡುತ್ತಿತ್ತು.