ಶಾಲೆ ಸುಧಾರಿಸಬೇಕಾ? ಮೊದಲು ಚಿಲಕ ನೋಡಿ

ಮಗಳು ಐದನೇ ಕ್ಲಾಸಿನಲ್ಲಿದ್ದಾಗ ದಿನಾ ಸಂಜೆ ನೀರಿನ ಬಾಟ್ಲಿಯನ್ನು ತುಂಬಿದ ಹಾಗೇ ವಾಪಸ್ ತರುತ್ತಿದ್ದಳು. ಎಷ್ಟು ಬೈದರೂ ಅಷ್ಟೇ. ಆಮೇಲೆ ಗೊತ್ತಾಯಿತು, ಹುಡುಗಿಯರ ಶೌಚಾಲಯದ ಬಾಗಿಲಿಗೆ ಚಿಲಕವೇ ಇರಲಿಲ್ಲ. ಅಲ್ಲಿಗೆ ಹೋಗುವುದು ಬೇಡ ಅಂತ ಮಕ್ಕಳು ನೀರನ್ನೇ ಕುಡಿಯುತ್ತಿರಲಿಲ್ಲ. ನಾನು ಎಸ್‌ಡಿಎಂಸಿ, ಅಂದರೆ ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯೆಯಾಗಿದ್ದು ಆ ಒಂದು ಚಿಲಕಕ್ಕಾಗಿ.

ನಿಮ್ಮೂರ ಸರ್ಕಾರಿ ಶಾಲೆಗೆ ಏನಾದರೂ ಮಾಡಬೇಕು ಅನ್ನಿಸಿದರೆ ಮೊದಲೇ ದಾನಿಗಳನ್ನು ಹುಡುಕಿಕೊಂಡು ಹೋಗಬೇಡಿ. ಹೆಡ್‌ಮಾಸ್ಟರಿಗೆ ಹೇಳಿ ಒಂದು ಇಡೀ ದಿನ ಶಾಲೆಯಲ್ಲಿರಿ. ನಲ್ಲಿ ತಿರುಗಿಸಿ. ಬಿಸಿಯೂಟಕ್ಕೆ ಮಕ್ಕಳ ಸಾಲಿನಲ್ಲೇ ಕೂತು ಉಣ್ಣಿ. ಶೌಚಾಲಯದ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಿ. ಬಕೆಟ್ ಇದೆಯಾ, ನೀರು ಬರುತ್ತಾ, ಚಿಲಕ ಬೀಳುತ್ತಾ? ಹುಡುಗಿಯರ ಹತ್ತಿರ ತಾಯಂದಿರೇ ಮಾತಾಡಲಿ. ಗಂಡಸರು ಎದುರಿಗಿದ್ದರೆ ಅವರು ಬಾಯಿ ಬಿಡುವುದಿಲ್ಲ. ಕಂಡದ್ದನ್ನೆಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ.

ಆಮೇಲೆ ಪೋಷಕರ ಸಭೆ. ನಮ್ಮ ಮೊದಲ ಸಭೆ ಬೆಳಿಗ್ಗೆ ಹನ್ನೊಂದಕ್ಕೆ ಇತ್ತು, ಬಂದವರು ನಾಲ್ಕೇ ಜನ. ಕೂಲಿಗೆ ಹೋಗುವವರು ಆ ಹೊತ್ತಿಗೆ ಹೇಗೆ ಬರುತ್ತಾರೆ, ಅಲ್ವಾ? ಮುಂದಿನ ಸಲ ಸಂಜೆ ಡೈರಿಗೆ ಹಾಲು ಹಾಕಿದ ಮೇಲೆ ಅಂತ ಮಾಡಿದೆವು. ಶಾಲೆಯ ಜಗಲಿ ತುಂಬಿತು. ತಾಯಂದಿರೇ ಜಾಸ್ತಿ.

ಎಸ್‌ಡಿಎಂಸಿ ಸುಮ್ನೆ ಸಹಿ ಹಾಕುವುದಕ್ಕೆ ಇರುವುದಲ್ಲ. ಕರ್ನಾಟಕದಲ್ಲಿ ಇದು 2001ರಿಂದ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರಿರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಶಾಲಾ ಅಭಿವೃದ್ಧಿ ಯೋಜನೆ ಬರೆಯುವುದು, ಬಂದ ಅನುದಾನ ಹೇಗೆ ಖರ್ಚಾಯಿತು ಅಂತ ನೋಡುವುದು ಸಮಿತಿಯ ಕೆಲಸ. ಹಾಗಾಗಿ ಲೆಕ್ಕದ ಪುಸ್ತಕ ಕೇಳುವುದಕ್ಕೆ ಸಂಕೋಚ ಬೇಡ. ಮೇಷ್ಟ್ರ ಮೇಲೆ ಅನುಮಾನ ಅಂತ ಅಲ್ಲ, ಅವರ ಜೊತೆ ನಿಂತು ಕೇಳಿ. ಜಗಳದಿಂದ ಶುರುವಾದ ಕೆಲಸ ನಮ್ಮೂರಲ್ಲಂತೂ ಮುಗಿದಿದ್ದು ನಾನು ಕಂಡಿಲ್ಲ.

ದೊಡ್ಡ ಕೆಲಸಗಳಿಗೆ ಗ್ರಾಮ ಪಂಚಾಯಿತಿಗೆ ಹೋಗಬೇಕು. ನಾವು ಕಾಂಪೌಂಡ್ ಬೇಕು ಅಂತ ಎರಡು ಸಲ ಬಾಯಲ್ಲಿ ಹೇಳಿ ಬಂದೆವು, ಏನೂ ಆಗಲಿಲ್ಲ. ಮೂರನೇ ಸಲ ಅರ್ಜಿ ಬರೆದೆವು. ಗೋಡೆ ಎಷ್ಟು ಅಡಿ ಬೇಕು, ರಸ್ತೆ ಎಷ್ಟು ಹತ್ತಿರ, ಮಕ್ಕಳೆಷ್ಟು, ಎಲ್ಲ ಹಾಕಿ, ಎರಡು ಫೋಟೋ ಅಂಟಿಸಿ, ಸಭೆಯ ನಡಾವಳಿಯ ಪ್ರತಿ ಸೇರಿಸಿದೆವು. ನಮ್ಮ ಪ್ರತಿಯ ಮೇಲೆ ಸೀಲು, ತಾರೀಖು ಹಾಕಿಸಿಕೊಂಡೇ ಬಂದೆವು. ಗ್ರಾಮಸಭೆಯಲ್ಲಿ ಅದನ್ನೇ ಎತ್ತಿ ತೋರಿಸಿದೆವು. ನರೇಗಾದಲ್ಲಿ ಕಾಂಪೌಂಡ್ ಆಯಿತು. ಪಂಚಾಯಿತಿ ಮಕ್ಕಳಿಗಾಗಿಯೇ ನಡೆಸುವ ಮಕ್ಕಳ ಗ್ರಾಮಸಭೆಯನ್ನೂ ಬಿಡಬೇಡಿ. ಮಕ್ಕಳೇ ಎದ್ದು ನಿಂತು ಕೇಳಿದರೆ ಅದರ ತೂಕವೇ ಬೇರೆ.

ಚಿಲಕಕ್ಕೆ ಮಾತ್ರ ಯಾವ ಅರ್ಜಿಯನ್ನೂ ಕಾಯಲಿಲ್ಲ. ಸಭೆ ಮುಗಿದ ಮಾರನೇ ದಿನವೇ ಊರಿನ ಬಡಗಿಯೊಬ್ಬರು ಬಂದು ಹಾಕಿಕೊಟ್ಟರು. ಒಳಗಿನಿಂದ ಚಿಕ್ಕ ಮಕ್ಕಳ ಕೈಗೂ ಎಟುಕುವ ಎತ್ತರಕ್ಕೆ ಹಾಕಿಸಿ, ಇದು ಮುಖ್ಯ. ಇನ್ನೊಂದು ಚಿಲಕ, ನಾಲ್ಕು ಸ್ಕ್ರೂ ಹೆಡ್‌ಮಾಸ್ಟರ ಬೀರುವಿನಲ್ಲಿ ಇಟ್ಟಿರಿ. ಮಕ್ಕಳು ಎಳೆದಾಡುವ ಬಾಗಿಲು, ಮತ್ತೆ ಬೇಕಾಗುತ್ತದೆ.