ಬೇಸ್ ಗಿಟಾರಿಗೆ ನಾನೇ ಪಿಕಪ್ ಸುತ್ತಿದ್ದು

ಆಷಾಢದ ಮಳೆ ಹಿಡಿದಾಗ ನನ್ನ ಜಾಝ್ ಬೇಸ್ ಗಿಟಾರಿನ ಎರಡು ಪಿಕಪ್‌ಗಳಲ್ಲಿ ಬ್ರಿಜ್ (ಸ್ಟ್ರಿಂಗ್‌ಗಳು ಕೂರುವ ಕೆಳತುದಿ) ಕಡೆಯದು ಸದ್ದು ನಿಲ್ಲಿಸಿತು. ಪಿಕಪ್ ಅಂದರೆ ಸ್ಟ್ರಿಂಗಿನ ಕಂಪನವನ್ನು ವಿದ್ಯುತ್ತಾಗಿಸಿ ಆಂಪ್‌ಗೆ ಕಳಿಸುವ ತಂತಿಸುರುಳಿ. ಮೀಟರ್ ಹಿಡಿದು ನೋಡಿದರೆ ಒಳಗೆ ಎಲ್ಲೋ ತಂತಿ ತುಂಡಾಗಿತ್ತು. ನಮ್ಮ ತೀರ್ಥಹಳ್ಳಿಯಲ್ಲಿ ಮಳೆಗಾಲಕ್ಕೆ ಬೆಲ್ಟು, ಚಪ್ಪಲಿ, ಪುಸ್ತಕ ಎಲ್ಲಕ್ಕೂ ಬೂಷ್ಟು. ಕೂದಲೆಳೆಯಂಥ ತಾಮ್ರ ಎಷ್ಟು ದಿನ ತಾಳೀತು? ಗಣಪತಿ ಹಬ್ಬಕ್ಕೆ ಆರ್ಕೆಸ್ಟ್ರಾ ಒಪ್ಪಿಕೊಂಡಾಗಿತ್ತು. ನಾನೇ ಸುತ್ತೋಣ ಅಂತ ಕೂತೆ.

ಈ ಪಿಕಪ್‌ನಲ್ಲಿ ಒಂದೊಂದು ಸ್ಟ್ರಿಂಗಿಗೆ ಎರಡರಂತೆ ಎಂಟು ಆಲ್ನಿಕೋ ಅಯಸ್ಕಾಂತದ ಕಡ್ಡಿ ಇರುತ್ತವೆ. ಅವುಗಳ ಸುತ್ತ 42 ಗೇಜ್ (ದಪ್ಪ ಹೇಳುವ ಸಂಖ್ಯೆ) ತಂತಿ, ಸುಮಾರು 9,000 ಸುತ್ತು. ನಾನು ಎಡವಿದ್ದು ಈ ಗೇಜ್‌ನಲ್ಲಿ. ಶಿವಮೊಗ್ಗದಲ್ಲಿ ಮೋಟಾರ್ ವೈಂಡಿಂಗ್ ತಂತಿ ಕೇಳಿ 42 ಗೇಜ್ ತಂದೆ. ಮೂರೂವರೆ ಸಾವಿರ ಸುತ್ತಿಗೇ ಬಾಬಿನ್ ಭರ್ತಿ! ಮೀಟರ್‌ನಲ್ಲಿ ತಂತಿಯ ರೋಧ ಬರೀ 1.2 ಕಿಲೋಓಮ್. 7-8 ಬರಬೇಕಿತ್ತು. ಸ್ಕ್ರೂಗೇಜ್ ಇಟ್ಟು ನೋಡಿದ ಮೇಲೆ ಅರ್ಥವಾಯಿತು. ಪಿಕಪ್‌ನವರು ಹೇಳುವ 42 ಅಮೆರಿಕದ ಲೆಕ್ಕ, 0.063 ಮಿ.ಮೀ. ನಮ್ಮ ಅಂಗಡಿಗಳಲ್ಲಿ ನಡೆಯುವುದು ಬ್ರಿಟಿಷ್ ಲೆಕ್ಕ. ಅದರಲ್ಲಿ 42 ಅಂದರೆ 0.1 ಮಿ.ಮೀ. ನನಗೆ ಬೇಕಿದ್ದದ್ದು ಇಲ್ಲಿಯ 46. ಗೇಜ್ ಹೇಳಬೇಡಿ, ಮಿಲಿಮೀಟರ್ ಹೇಳಿ ಕೇಳಿ.

ಎರಡನೇ ಸಲ ಮೊದಲು ಕಡ್ಡಿಗಳ ಸುತ್ತ ತೆಳು ಟೇಪ್ ಹಾಕಿದೆ. ತುಕ್ಕು ತಂತಿಗೆ ತಾಗಬಾರದು ಅಲ್ವಾ. ಅಮ್ಮನ ಹೊಲಿಗೆ ಮಿಷನ್ನಿನ ಮೋಟಾರಿಗೆ ಬಾಬಿನ್ ಕಟ್ಟಿದೆ. ಎಣಿಸಲು ಹಳೇ ಕ್ಯಾಲ್ಕುಲೇಟರ್: ಸಮ ಚಿಹ್ನೆಯ ಗುಂಡಿಗೆ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ಬೆಸುಗೆ, ತಿರುಗುವ ಕಡೆ ಪುಟ್ಟ ಅಯಸ್ಕಾಂತ. 1+1 ಒತ್ತಿ ಬಿಟ್ಟರೆ ಸುತ್ತಿಗೊಂದರಂತೆ ಅಂಕಿ ಏರುತ್ತದೆ. ಜೋರಾಗಿ ಓಡಿಸಿದರೆ ಎಣಿಕೆ ತಪ್ಪುತ್ತದೆ, ಪೆಡಲ್ ಮೆಲ್ಲಗೆ ಒತ್ತಬೇಕು.

ನಿಜವಾದ ಕೆಲಸ ಬೆರಳಿನದು. ತಂತಿಯನ್ನು ಎರಡು ಬೆರಳ ನಡುವೆ ಹತ್ತಿಬಟ್ಟೆಯಲ್ಲಿ ಹಿಡಿದು ಅತ್ತಿತ್ತ ನಡೆಸಬೇಕು. ಬಿಗಿ ಜಾಸ್ತಿಯಾದರೆ ಟಕ್ ಅಂತ ಕಡಿಯುತ್ತದೆ, ಸಡಿಲವಾದರೆ ಬದಿಗೆ ಜಾರುತ್ತದೆ. ಎರಡು ಸಲ ಕಡಿಯಿತು. ಮೂರನೆಯ ಸಲ 8,800 ತಲುಪಿ ನಿಲ್ಲಿಸಿದೆ. 7.6 ಕಿಲೋಓಮ್. ಆ ಅಂಕಿ ನೋಡಿದಾಗ ಆದ ಖುಷಿ ಇನ್ನೂ ಹಾಗೇ ಇದೆ.

ಆಮೇಲೆ ಮೇಣ. ಸುರುಳಿ ಸಡಿಲ ಉಳಿದರೆ ಆಂಪ್ ಜೋರು ಮಾಡಿದಾಗ ಕಿರುಚುತ್ತದೆ. ನಾಲ್ಕು ಪಾಲು ಮೇಣದಬತ್ತಿಗೆ ಒಂದು ಪಾಲು ಜೇನುಮೇಣ. ನಮ್ಮ ಕಡೆ ಜೇನುಮೇಣಕ್ಕೇನು ಬರ? ಪಾತ್ರೆಯನ್ನು ಬಿಸಿನೀರಲ್ಲಿಟ್ಟೇ ಕರಗಿಸಿ, ನೇರ ಉರಿ ಬೇಡ, ಹೊತ್ತಿಕೊಳ್ಳುತ್ತದೆ. 65 ಡಿಗ್ರಿ ದಾಟಿಸಬೇಡಿ. ಪಿಕಪ್ಪನ್ನು ಅದರಲ್ಲಿ ಮುಳುಗಿಸಿ, ಗುಳ್ಳೆ ಏಳುವುದು ನಿಂತರೆ ಮೇಣ ಒಳಗೆ ಇಳಿದಿದೆ ಅಂತ ಲೆಕ್ಕ.

ಕೂರಿಸಿದೆ. ಒಂದೊಂದೇ ಪಿಕಪ್ ನುಡಿಸಿದರೆ ಚೆನ್ನ. ಎರಡೂ ತೆರೆದರೆ ಸದ್ದು ತೆಳ್ಳಗೆ, ಹಮ್ (ಗುಂಯ್ ಅನ್ನುವ ಬೇಡದ ಸದ್ದು) ಜಾಸ್ತಿ. ಅಯಸ್ಕಾಂತದ ದಿಕ್ಕನ್ನು ನೆಕ್ (ಗಿಟಾರಿನ ಕತ್ತು) ಕಡೆಯ ಇನ್ನೊಂದು ಪಿಕಪ್‌ಗೆ ಉಲ್ಟಾ ಇಟ್ಟಿದ್ದೆ, ಅದು ಸರಿ. ಆದರೆ ಸುತ್ತಿದ ದಿಕ್ಕು ಎರಡರದೂ ಒಂದೇ ಆಗಿತ್ತು. ಬಿಚ್ಚುವುದೇನೂ ಬೇಕಾಗಲಿಲ್ಲ, ತಂತಿಯ ಎರಡು ತುದಿ ಅದಲುಬದಲು ಮಾಡಿ ಬೆಸುಗೆ ಹಾಕಿದೆ. ಹಮ್ ಹೋಯಿತು, ಇ ಸ್ಟ್ರಿಂಗ್ ಮೀಟಿದರೆ ಮರದ ಮಂಚ ನಡುಗಿತು.

ಉಳಿದ ತಂತಿಯ ರೀಲು ಬಿಗಿ ಮುಚ್ಚಳದ ಡಬ್ಬಿಯಲ್ಲಿದೆ. ನೆಕ್ ಪಿಕಪ್‌ಗೂ ವಯಸ್ಸಾಗಿದೆ.