ಸಾಲದ ಹಣದ ಹೆದ್ದಾರಿಯನ್ನು ನೋಡಿಕೊಂಡ ಬಗೆ

ಕಟ್ಟಿದವರು ರೋಲರ್, ಪೇವರ್‌ಗಳನ್ನು ಟ್ರೇಲರ್‌ಗೆ ಏರಿಸಿಕೊಂಡು ಹೊರಟ ವಾರವೇ ನಾನು ನಿರ್ವಹಣಾ ಎಂಜಿನಿಯರ್ ಆಗಿ ಸೇರಿದೆ. ಖಾಸಗಿ ಕಂಪನಿ ಸಾಲ ತಂದು ಕಟ್ಟಿದ ನಾಲ್ಕು ಪಥದ ರಸ್ತೆ. 20 ವರ್ಷ ಟೋಲ್ ವಸೂಲಿ ಮಾಡಿ, ಸಾಲ ತೀರಿಸಿ, ಕೊನೆಗೆ ಸುಸ್ಥಿತಿಯಲ್ಲಿ ಸರ್ಕಾರಕ್ಕೆ ಒಪ್ಪಿಸಬೇಕು. ಮೊದಲ ದಿನ ನನ್ನ ಕೈಗೆ ಬಂದದ್ದು ದಪ್ಪನೆಯ ಸಾಲದ ಒಪ್ಪಂದ. ಇದು ಲೆಕ್ಕಪತ್ರದವರ ಪಾಡು ಎಂದು ಕಪಾಟಿಗೆ ತಳ್ಳಿ ರಸ್ತೆಗೆ ನಡೆದೆ. ಐದು ವರ್ಷ ಅದನ್ನು ಬಿಚ್ಚಿ ನೋಡಲಿಲ್ಲ.

ಬಿಚ್ಚಿದ್ದರೆ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಟೋಲ್‌ನಲ್ಲಿ ಬಂದ ಹಣವೆಲ್ಲ ಎಸ್ಕ್ರೊ ಖಾತೆಗೆ, ಅಂದರೆ ಒಪ್ಪಂದದಲ್ಲಿ ಬರೆದ ಸರದಿಯಂತೆ ಮಾತ್ರ ಹಣ ಬಿಡುವ ಬ್ಯಾಂಕ್ ಖಾತೆಗೆ ಹೋಗುತ್ತದೆ. ಅಲ್ಲಿಂದ ಮೊದಲು ತೆರಿಗೆ, ಆಮೇಲೆ ದಿನನಿತ್ಯದ ನಿರ್ವಹಣೆ, ಆಮೇಲೆ ಬಡ್ಡಿ ಮತ್ತು ಅಸಲು. ಕೆಲವು ವರ್ಷಗಳಿಗೊಮ್ಮೆ ಹಾಕಬೇಕಾದ ಹೊಸ ಮೇಲ್ಪದರದ ಮೀಸಲು ನಿಧಿಗೆ ಪಾಲು ಸಿಗುವುದು ಇವೆಲ್ಲ ಆದ ಮೇಲೆ. ಕಾಲುವೆಯ ಕೊನೆಯ ಹೊಲದವನ ಪರಿಸ್ಥಿತಿ! ಗುಂಡಿ ಮುಚ್ಚಲು ಹಣಕ್ಕೆ ಎಂದೂ ಬರ ಬರಲಿಲ್ಲ. ಗುಂಡಿಯೇ ಬೀಳದಂತೆ ಮಾಡುವ ಕೆಲಸಕ್ಕೆ ಬರ ಬಂತು.

ಐದನೆಯ ವರ್ಷ ಮೇಲ್ಪದರ ಹಾಕಬೇಕಿತ್ತು. ವಾಹನಗಳು ಅಂದಾಜಿಗಿಂತ ಕಡಿಮೆ ಬರುತ್ತಿದ್ದವು. ನಮ್ಮ ಒಪ್ಪಂದದಂತೆ ಸಾಲದ ಕಂತು 100 ಆದರೆ ಅದನ್ನು ಕಟ್ಟಲು ಕೈಯಲ್ಲಿ 120 ಇರಬೇಕು. ಮೇಲ್ಪದರ ಹಾಕಿದರೆ ಆ ಲೆಕ್ಕ ಕೆಡುತ್ತಿತ್ತು. ‘ಒಂದು ವರ್ಷ ಮುಂದಕ್ಕೆ ಹಾಕಬಹುದೇ?’ ಎಂದು ಹಣಕಾಸು ವಿಭಾಗದವರು ಕೇಳಿದರು. ರಸ್ತೆಯ ಒರಟುತನದ ಅಳತೆ ಮಿತಿಯೊಳಗೇ ಇತ್ತು, ಕಾರು ನೀರಿನ ಮೇಲೆ ದೋಣಿ ಹೋದಂತೆ ಹೋಗುತ್ತಿತ್ತು. ಸಹಿ ಹಾಕಿದೆ. ಆ ಸಹಿ ನನ್ನದೇ. ಬೇರೆ ಯಾರನ್ನೂ ದೂರುವಂತಿಲ್ಲ.

ಮಳೆ ಹಿಡಿದ ಎರಡನೆಯ ತಿಂಗಳು ಲಾರಿಗಳ ಪಥದಲ್ಲಿ, ಚಕ್ರ ಉರುಳುವ ಜಾಗದಲ್ಲೇ, ಮೊಸಳೆಯ ಚರ್ಮದಂಥ ಬಿರುಕು ಕಾಣಿಸಿಕೊಂಡಿತು. ಬಿರುಕಿನ ಅಂಚಿಗೆ ಬೂದು ಬಣ್ಣದ ಕೆಸರು ಒಣಗಿ ಅಂಟಿತ್ತು. ಮೇಲಿನಿಂದ ಬಿದ್ದ ಕೆಸರಲ್ಲ ಅದು. ಲಾರಿ ಹಾದಾಗಲೆಲ್ಲ ಒಳಗೆ ನಿಂತ ನೀರು ಪಿಚಕಾರಿಯಂತೆ ಚಿಮ್ಮಿ, ತಳದ ಸಣ್ಣ ಕಣಗಳನ್ನು ಹೊತ್ತು ತರುತ್ತಿತ್ತು.

ಅಲ್ಲಿ ಕೋರ್ ತೆಗೆಸಿದೆ. ಯಂತ್ರ ಕೊರೆದು ತೆಗೆಯುವ ಡಾಂಬರಿನ ದಿಂಡು ಒಂದೇ ತುಂಡಾಗಿ ಬರಬೇಕು. ನಮ್ಮದು ಬಂದದ್ದು ಎರಡಾಗಿ. ಕೂಡಿದ್ದ ಜಾಗದಲ್ಲಿ ಬೆರಳಾಡಿಸಿದರೆ ನುಣ್ಣಗೆ, ದೂಳಿನ ತೆಳು ಪೊರೆ. ಕಟ್ಟುವಾಗ ಕೆಳಪದರವನ್ನು ಸರಿಯಾಗಿ ಗುಡಿಸದೆ ಟ್ಯಾಕ್ ಕೋಟ್, ಅಂದರೆ ಪದರಗಳನ್ನು ಅಂಟಿಸುವ ಡಾಂಬರಿನ ತೆಳು ಲೇಪ, ಸಿಂಪಡಿಸಿದ್ದರು. ಎರಡು ಪದರಗಳೂ ಒಂದಕ್ಕೊಂದು ಕಚ್ಚಿಕೊಂಡಿರಲೇ ಇಲ್ಲ. ಇಂಥಲ್ಲಿ ಒಂದು ಹೊಸ ಪದರ ಬಳಿದು ಪ್ರಯೋಜನವಿಲ್ಲ. ಮೇಲಿನದನ್ನು ಕೆರೆದು ತೆಗೆಯಬೇಕು, ತಳ ನೆನೆದಿದ್ದರೆ ಜಲ್ಲಿಯವರೆಗೂ ಅಗೆಯಬೇಕು. ಒಂದು ವರ್ಷದಲ್ಲಿ ಉಳಿಸಿದ್ದೆಲ್ಲ ಆ ಅಗೆತದಲ್ಲೇ ಹೋಯಿತು, ಮೇಲೆ ಇನ್ನಷ್ಟು ಬೇಕಾಯಿತು.

ನೀರು ಎಲ್ಲಿಂದ ಬಂತು ಎನ್ನುವುದೇ ಹೆಚ್ಚು ನಾಚಿಕೆಯ ಸಂಗತಿ. ತಿರುವಿನಲ್ಲಿ ರಸ್ತೆ ಒಂದು ಕಡೆಗೆ ವಾಲಿರುತ್ತದೆ. ಎತ್ತರದ ಭಾಗದ ನೀರು ನಡುವಣ ವಿಭಜಕದ ಚರಂಡಿಗೆ ಇಳಿಯಬೇಕು. ಅಂದಕ್ಕೆಂದು ಹೂಗಿಡ ನೆಟ್ಟಾಗ ಆ ಚರಂಡಿಗೇ ಮಣ್ಣು ತುಂಬಿದ್ದೆವು. ಸಾಲದ್ದಕ್ಕೆ ಬೇಸಿಗೆಯಲ್ಲಿ ಟ್ಯಾಂಕರ್‌ನಿಂದ ನಾವೇ ನೀರುಣಿಸುತ್ತಿದ್ದೆವು. ಗಿಡ ಚೆನ್ನಾಗಿಯೇ ಬೆಳೆದಿದ್ದವು.

ಉಳಿದ ಪಾಲು ಭಾರದ್ದು. 1958ರಿಂದ 1960ರವರೆಗೆ ಅಮೆರಿಕದ ಇಲಿನಾಯ್‌ನಲ್ಲಿ ಪರೀಕ್ಷೆಗೆಂದೇ ರಸ್ತೆಗಳನ್ನು ಕಟ್ಟಿ, ಅವುಗಳ ಮೇಲೆ ಹಗಲಿರುಳು ಲಾರಿ ಓಡಿಸಿದರು. ರಸ್ತೆಯ ಹಾನಿ ಅಚ್ಚಿನ (ಆಕ್ಸಲ್) ಭಾರದ ಸುಮಾರು ನಾಲ್ಕನೆಯ ಘಾತದಲ್ಲಿ ಏರುತ್ತದೆ ಎಂಬ ಲೆಕ್ಕ ಅಲ್ಲಿಂದ ಬಂತು. ಅಚ್ಚಿಗೆ 10 ಟನ್ ಹೇರುವಲ್ಲಿ 12 ಹೇರಿದರೆ ಹಾನಿ ಎರಡು ಪಟ್ಟು. 20 ಹೇರಿದರೆ 16 ಪಟ್ಟು. ನಮ್ಮ ಟೋಲ್ ದರವಾದರೋ ಅಚ್ಚುಗಳ ಸಂಖ್ಯೆಯ ಮೇಲೆ. ಹೇರಿಬಂದ ಲಾರಿಯೂ ಖಾಲಿ ಲಾರಿಯೂ ಅಷ್ಟೇ ಕೊಡುತ್ತವೆ. ಬ್ರಿಟನ್‌ನಲ್ಲಿ 1996ರಿಂದ ಆದ ಇಂಥ ಹಲವು ಒಪ್ಪಂದಗಳಲ್ಲಿ ಪ್ರಯಾಣಿಕರು ಏನೂ ಕೊಡದೆ, ವಾಹನಗಳನ್ನು ಎಣಿಸಿ ಸರ್ಕಾರವೇ ಕಂಪನಿಗೆ ಪಾವತಿಸುವ ‘ನೆರಳು ಟೋಲ್’ ಇತ್ತು. ಯಾರೇ ಕೊಡಲಿ, ಸವೆದ ರಸ್ತೆಯ ಬೆಲೆ ಆ ಎಣಿಕೆಯಿಂದ ಗೊತ್ತಾಗುವುದಿಲ್ಲ. ಟೋಲ್‌ಗೆ ಮುಂಚೆ ತೂಕದ ಯಂತ್ರ ಕೂಡಿಸಿದ ಮೇಲೆ, ಒಂದೇ ವಾರದ ಅಂಕಿ ನೋಡಿ ಹಣಕಾಸು ವಿಭಾಗದವರೇ ನನ್ನನ್ನು ಹುಡುಕಿಕೊಂಡು ಬಂದರು.

ಅಲ್ಲಿಂದ ಎರಡು ಕೆಲಸ ಬಿಡದೆ ಮಾಡಿದೆ. ಮಳೆಗೆ ಒಂದು ತಿಂಗಳ ಮುಂಚೆ ಪ್ರತಿಯೊಂದು ಚರಂಡಿ, ಮೋರಿಯನ್ನು ನಡೆದೇ ನೋಡುವುದು. ಜೀಪಿನಿಂದ ನೋಡಿದವನಿಗೆ ಮೋರಿಯ ಬಾಯಿ ಕಾಣುತ್ತದೆ, ಹೊಟ್ಟೆ ಕಾಣುವುದಿಲ್ಲ. ಇನ್ನೊಂದು, ಸಾಲ ಕೊಟ್ಟವರ ಸಭೆಗೆ ಒರಟುತನದ ಅಂಕಿಯ ಜೊತೆ ಕೋರ್ ಮತ್ತು ಅಚ್ಚಿನ ತೂಕದ ವರದಿಯನ್ನೂ ಒಯ್ಯುವುದು. ಬ್ಯಾಂಕಿನವರು ರಸ್ತೆಯ ಬಗ್ಗೆ ನಿರ್ಲಕ್ಷ್ಯದವರು ಎಂದು ನನ್ನಲ್ಲೊಂದು ಪೂರ್ವಗ್ರಹವಿತ್ತು. ಎರಡಾದ ದಿಂಡನ್ನು ಮೇಜಿನ ಮೇಲೆ ಇಟ್ಟಾಗ, ನಮ್ಮವರಿಗಿಂತ ಬೇಗ ಅರ್ಥ ಮಾಡಿಕೊಂಡದ್ದು ಅವರೇ.

ಸಾಲವನ್ನು ಕಡಿಮೆ ಬಡ್ಡಿಗೆ ಬದಲಾಯಿಸಿಕೊಂಡಾಗ ಹೊಸ ಒಪ್ಪಂದದ ಕರಡನ್ನು ಮೊದಲ ಪುಟದಿಂದ ಓದಿದೆ. ಮೀಸಲು ನಿಧಿಗೆ ವರ್ಷಕ್ಕೊಮ್ಮೆಯ ಬದಲು ತಿಂಗಳಿಗೊಮ್ಮೆ ಹಣ ಹೋಗಬೇಕು, ಅದು ತುಂಬುವ ತನಕ ಲಾಭಾಂಶ ಹಂಚುವಂತಿಲ್ಲ ಎಂಬ ಷರತ್ತು ಸೇರಿಸಲು ಕೇಳಿದೆ. ಮಾಲೀಕರು ಮುಖ ಗಂಟಿಕ್ಕಿದರು, ಬ್ಯಾಂಕಿನವರು ಒಪ್ಪಿದರು. ಹನ್ನೊಂದನೆಯ ವರ್ಷದ ಮೇಲ್ಪದರ ಹಣಕ್ಕೆ ಕಾಯದೆ ಶುರುವಾಯಿತು. ಮೊದಲ ಮಳೆ ಬಿದ್ದಾಗ ಬಿಳಿ ಗೆರೆ ಬಳಿಯುವುದು ಮಾತ್ರ ಬಾಕಿ ಇತ್ತು.